ಗಾಜಿನ ಗಾಡಿಯ ಮೂರು ಇಂಚು

ಒಂದು ವಾಹನದ ಹೊಟ್ಟೆ ನೆಲದಿಂದ ಎಷ್ಟು ಮೇಲಿರಬೇಕು ಎಂಬ ಪ್ರಶ್ನೆಯನ್ನು ತತ್ತ್ವಜ್ಞಾನಿಗಳು ಇದುವರೆಗೆ ಕೈಗೆತ್ತಿಕೊಳ್ಳದಿರುವುದು ಮನುಕುಲದ ಚಿಂತನೆಯಲ್ಲಿ ಉಳಿದುಹೋದ ಬಹುದೊಡ್ಡ ಲೋಪ. ಆತ್ಮ ಎಲ್ಲಿರುತ್ತದೆ, ಆಕಾಶಕ್ಕೆ ಅಂಚಿದೆಯೇ ಎಂದು ಸಾವಿರಾರು ವರ್ಷ ತಲೆ ಕೆರೆದುಕೊಂಡವರು ಗಾಡಿಯ ಮೂರು ಇಂಚಿನ ಬಗ್ಗೆ ಒಂದು ಸಾಲನ್ನೂ ಬರೆದಿಡಲಿಲ್ಲ. ಬರೆದಿಟ್ಟಿದ್ದರೆ ಒಂದೇ ಮನೆಯಲ್ಲಿ ಹತ್ತೊಂಬತ್ತು ದಿನಗಳೊಳಗೆ ಒಂದು ಹಲ್ಲು, ಒಂದು ಕಾಲ್ಬೆರಳು, ಒಂದು ದವಡೆ, ಒಂದು ಹೆಗಲ ಮೂಳೆ ಮುರಿಯುತ್ತಿರಲಿಲ್ಲ. ಕೈಯ ವಿಚಾರ ಬೇರೆ; ಅದಕ್ಕೆ ಆಮೇಲೆ ಬರೋಣ.

ಅದು ಗಾಜಿನ ವ್ಯಾಪಾರದ ಮನೆ. ಕೆಳಗೆ ಅಂಗಡಿ, ಮೇಲೆ ವಾಸ. ಅಂಗಡಿಯ ಯಜಮಾನನನ್ನು ಬೀದಿಯವರೆಲ್ಲ ಭಾವ ಎಂದೇ ಕರೆಯುತ್ತಿದ್ದರು, ಏಕೆಂದರೆ ಒಳಗಿನಿಂದ ದಿನವಿಡೀ ಕೇಳಿಬರುತ್ತಿದ್ದ ಹೆಸರು ಅದೊಂದೇ. ಕರೆಯುತ್ತಿದ್ದವನು ಅವನ ಹೆಂಡತಿಯ ತಮ್ಮ. ಅವನನ್ನು ಭಾವ ಯಾರಿಗೇ ಪರಿಚಯಿಸಿದರೂ ‘ಇವನು ನಮ್ಮ ಭಾಮೈದ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದುದರಿಂದ ಅವನಿಗೆ ಬೇರೆ ಹೆಸರಿರುವುದು ಬಹುಶಃ ಅವನಿಗೇ ಮರೆತಿತ್ತು. ನಡುವೆ ಅಕ್ಕ, ಒಬ್ಬನ ಹೆಂಡತಿ, ಇನ್ನೊಬ್ಬನ ಒಡಹುಟ್ಟಿದವಳು, ಅಂಗಡಿಯಲ್ಲಿ ಗಾಜು ಕೊಯ್ಯುವವಳು. ವಜ್ರದ ಮೊನೆಯ ಕಟರ್ ಹಿಡಿದು ಅವಳು ಗೆರೆ ಎಳೆದು ಎರಡು ಬೆರಳಲ್ಲಿ ತಟ್ಟಿದರೆ ಆರಡಿಯ ಗಾಜು ನಿಟ್ಟುಸಿರು ಬಿಟ್ಟ ಹಾಗೆ ಎರಡಾಗುತ್ತಿತ್ತು.

ಗಾಜಿನ ಮುಂದೆ ಈ ಮೂವರೂ ಬಾಣಂತಿಯ ಕೋಣೆಯಲ್ಲಿದ್ದಷ್ಟು ಮೆತ್ತಗೆ. ಮನುಷ್ಯರ ಮುಂದೆ ಹಾಗಲ್ಲ. ಬೇರೆ ಮನೆಗಳಲ್ಲಿ ಮಾತು ಮುಗಿದ ಮೇಲೆ ಕೈ ಮುಂದೆ ಬರುತ್ತದೆ. ಈ ಮನೆಯಲ್ಲಿ ಕೈ ಬಂದುಹೋದ ಮೇಲೆ ಮಾತು ಶುರುವಾಗುತ್ತಿತ್ತು. ಹೊಸ ತಕ್ಕಡಿ ಯಾವ ಮೂಲೆಯಲ್ಲಿರಬೇಕು ಎಂಬುದು ತೀರ್ಮಾನವಾದಾಗ ಭಾಮೈದನ ಹುಬ್ಬಿಗೆ ಮೂರು ಹೊಲಿಗೆ ಬಿದ್ದಿತ್ತು. ತಕ್ಕಡಿ ಮಾತ್ರ ಅವನು ಹೇಳಿದ ಮೂಲೆಯಲ್ಲೇ ಇದೆ.

ಈಗ ಅವರಿಗೆ ಸಿಕ್ಕಿದ್ದ ಕೆಲಸ ದೊಡ್ಡದು. ಹನ್ನೊಂದು ಮಹಡಿಯ ಹೊಸ ಕಟ್ಟಡದ ಕಿಟಕಿಗಳಷ್ಟಕ್ಕೂ ಗಾಜು. ಸಾಮಾನು ಸಾಗಿಸುವ ಲಿಫ್ಟು ಇದ್ದುದು ನೆಲಮಾಳಿಗೆಯಲ್ಲಿ. ನೆಲಮಾಳಿಗೆಗೆ ಇಳಿಯುವ ಇಳಿಜಾರು ಮುಗಿಯುವಲ್ಲಿ, ಚಾವಣಿಯಿಂದ ಕೆಳಕ್ಕೆ, ಹಳದಿ ಕಪ್ಪು ಪಟ್ಟೆ ಬಳಿದ ಒಂದು ಕಬ್ಬಿಣದ ಕಂಬಿ ಅಡ್ಡಲಾಗಿತ್ತು: ಇದಕ್ಕಿಂತ ಎತ್ತರದವರು ಒಳಗೆ ಬರತಕ್ಕದ್ದಲ್ಲ. ಭಾವನ ಗಾಡಿ ಹಳೆಯ ಪಿಕಪ್ ಟ್ರಕ್ಕು. ಅದರ ಬೆನ್ನ ಮೇಲೆ ಗಾಜು ನಿಲ್ಲಿಸುವ ಕಬ್ಬಿಣದ ಚೌಕಟ್ಟು. ಗಾಜು ನಿಂತೇ ಸಾಗಬೇಕು, ಮಲಗಿಸಿದರೆ ತನ್ನ ಭಾರಕ್ಕೆ ತಾನೇ ಬಿರುಕು ಬಿಡುತ್ತದೆ. ಹಾಗಾಗಿ ಚೌಕಟ್ಟನ್ನು ಗಿಡ್ಡ ಮಾಡುವಂತಿರಲಿಲ್ಲ. ಚೌಕಟ್ಟಿನ ತಲೆ ಕಂಬಿಗಿಂತ ಎರಡು ಬೆರಳು ಮೇಲಿತ್ತು. ಚಕ್ರದ ಗಾಳಿ ಇಳಿಸಿ ನುಗ್ಗಿಸುವ ಉಪಾಯವನ್ನು ಭಾವ ಒಮ್ಮೆ ಮಾಡಿ ನೋಡಿದ. ಟೈರು ರಿಮ್ಮಿನಿಂದ ಕಳಚಿ, ಗಾಡಿ ಇಳಿಜಾರಿನ ನಡುವೆ ಎಮ್ಮೆಯಂತೆ ಕೂತಿತು.

ಆದ್ದರಿಂದ ಗಾಡಿ ರಸ್ತೆಯಲ್ಲೇ ನಿಲ್ಲುತ್ತಿತ್ತು. ಅಲ್ಲಿಂದ ಲಿಫ್ಟಿನವರೆಗೆ ನೂರಹನ್ನೆರಡು ಹೆಜ್ಜೆ, ಒಂದೊಂದು ಗಾಜನ್ನೂ ಭಾಮೈದ ತಬ್ಬಿಕೊಂಡು ಹೊರುತ್ತಿದ್ದ. ಹೊರಗಿನವರ ಕೈಯನ್ನು ಭಾವ ಗಾಜಿಗೆ ತಾಗಿಸುವವನಲ್ಲ. ಹೋದ ತಿಂಗಳು ಒಂದು ಗಾಜು ಭಾಮೈದನ ಅಪ್ಪುಗೆಯಲ್ಲೇ ಒಡೆದು ಬಲ ಅಂಗೈಯನ್ನು ಹೆಬ್ಬೆರಳ ಬುಡದಿಂದ ಅಡ್ಡಕ್ಕೆ ಸೀಳಿತು. ಹದಿನಾಲ್ಕು ಹೊಲಿಗೆ.

“ನರ ಈ ಸಲ ಉಳ್ಕೊಂಡಿದೆ,” ಎಂದಿದ್ದರು ಡಾಕ್ಟರು. “ಇದೇ ಜಾಗದಲ್ಲಿ ಇನ್ನೊಂದ್ಸಲ ಕೊಯ್ಕೊಂಡ್ರೆ ಈ ಕೈನ ನೀನು ಮರ್ತುಬಿಡು.”

ಭಾಮೈದನಿಗೆ ಗೊತ್ತಿದ್ದ ಕೆಲಸ ಗಾಜು ಹಿಡಿಯುವುದೊಂದೇ. ಗಾಡಿ ಕಂಬಿಯ ಕೆಳಗೆ ನುಗ್ಗಿ ಲಿಫ್ಟಿನ ಬಾಗಿಲಿಗೇ ಹೋದರೆ ಹೆಜ್ಜೆ ನೂರಹನ್ನೆರಡರಿಂದ ನಾಲ್ಕಕ್ಕೆ ಇಳಿಯುತ್ತಿತ್ತು, ಕೈ ಉಳಿಯುತ್ತಿತ್ತು. ಅವನ ಲೆಕ್ಕ ಇಷ್ಟೇ ಸರಳ. ಭಾವನದೂ ಸರಳವೇ: ಎತ್ತರದ ಸೀಟಿನಲ್ಲಿ ಕೂತು ಕಾರಿನವರ ನೆತ್ತಿ ನೋಡುತ್ತ ಹೋಗುವ ಸುಖ ಈ ಲೋಕದಲ್ಲಿ ಅವನಿಗಿದ್ದ ಏಕೈಕ ಐಶ್ವರ್ಯ.

ಗಾಡಿಯ ಕುಲುಕಾಟ ತಡೆಯುವ ಶಾಕ್‌ಗಳು ಎಣ್ಣೆ ಸೋರತೊಡಗಿದಾಗ ಇಬ್ಬರೂ ಅದನ್ನು ಮೆಕ್ಯಾನಿಕ್‌ನ ಬಳಿ ತಂದರು. ಈ ಮೆಕ್ಯಾನಿಕ್‌ನ ಅಡ್ಡಹೆಸರು ಸಮಾಧಾನ. ಜಾಮಾದ ಬೋಲ್ಟನ್ನು ಐದು ಕಿಲೋ ಸುತ್ತಿಗೆಯಲ್ಲಿ ಬಡಿಯುವಾಗಲೂ ‘ಸಮಾಧಾನ, ಸಮಾಧಾನ’ ಎನ್ನುತ್ತ ಬಡಿಯುತ್ತಿದ್ದ. ಯಾರಿಗೆ ಹೇಳುತ್ತಿದ್ದ, ತನಗೋ ಬೋಲ್ಟಿಗೋ, ತಿಳಿಯುತ್ತಿರಲಿಲ್ಲ. ಅವನು ಗಾಡಿಯ ಹಿಂಬದಿಯನ್ನೇರಿ ಒಮ್ಮೆ ಕುಪ್ಪಳಿಸಿ ಕೆಳಗಿಳಿದು, ಸೊಂಟದ ಮೇಲೆ ಕೈಯಿಟ್ಟು ಎಣಿಸಿದ.

“ಏಳು ಸಲ ಕುಣೀತು. ಒಂದೂವರೆಗೆ ನಿಲ್ಬೇಕು. ಶಾಕ್ ಸತ್ತು ಎಷ್ಟೋ ದಿನ ಆಗಿದೆ ಸ್ವಾಮಿ, ನೀವು ಹೆಣ ಕಟ್ಕೊಂಡು ಓಡಾಡ್ತಿದ್ದೀರಿ.”

“ಹೊಸದು ಹಾಕು,” ಎಂದ ಭಾವ.

“ಹಾಕೋಣ. ಯಾವ ಎತ್ತರಕ್ಕೆ?”

“ಇರೋ ಎತ್ತರಕ್ಕೆ.”

“ಮೂರಿಂಚು ಕೆಳಕ್ಕೆ,” ಎಂದ ಭಾಮೈದ, ಅದೇ ಉಸಿರಿನಲ್ಲಿ.

ಭಾವ ಕತ್ತು ತಿರುಗಿಸದೆ ಹೇಳಿದ: “ಅವನು ಏನೋ ಅಂದ ಹಾಗಾಯ್ತು.”

“ಕೆಳಕ್ಕೆ ಅಂದೆ ಭಾವ. ಈಗ್ಲೇ ಇಳಿಸ್ಬೇಕು. ಹೊಸಾ ಶಾಕ್ ಹಾಕಿದ್ಮೇಲೆ ಇಳಿಸೋಕಾಗಲ್ಲ, ಅಲ್ವೇನಣ್ಣ?”

ಸಮಾಧಾನ ಎಣ್ಣೆಯ ಕೈಯನ್ನು ಚಿಂದಿಯಲ್ಲಿ ಒರೆಸಿಕೊಂಡ. “ಹುಡ್ಗ ಹೇಳೋದು ಸರಿ. ಶಾಕ್ ಅಂದ್ರೆ ಸೈಕಲ್ ಪಂಪ್ ಇದ್ದ ಹಾಗೆ. ಒಳಗಿನ ಕೋಲು ಅರ್ಧ ಒಳಗೆ, ಅರ್ಧ ಹೊರಗೆ ಇದ್ರೆ ಗುಂಡಿ ಬಿದ್ದಾಗ ಒಳಕ್ಕೂ ಹೋಗುತ್ತೆ, ಹೊರಕ್ಕೂ ಬರುತ್ತೆ. ಗಾಡಿ ಇಳಿಸಿ ಹಳೇ ಅಳತೇದನ್ನೇ ಹಾಕಿದ್ರೆ ಕೋಲು ಪೂರ್ತಿ ಒಳಗೇ ಹೋಗಿ ಕೂತಿರುತ್ತೆ. ಆಮೇಲೆ ಅದು ಶಾಕ್ ಅಲ್ಲ, ಗೂಟ. ಅದಕ್ಕೇ ಮೊದ್ಲು ಎತ್ತರ ಹೇಳಿ, ಆಮೇಲೆ ಶಾಕ್ ತಗೊಳ್ಳೋಣ. ಮುಂದಕ್ಕೆ ಗಿಡ್ಡ ಸ್ಪ್ರಿಂಗು. ಹಿಂದೆ ನಿಮ್ಮ ಗಾಡೀಲಿ ಸ್ಪ್ರಿಂಗ್ ಪಟ್ಟಿಗಳ ಕಟ್ಟು ಆಕ್ಸಲ್ಲಿನ ಕೆಳಗಿದೆ, ಮಧ್ಯ ಒಂದು ಕಬ್ಬಿಣದ ಬ್ಲಾಕ್ ತುರುಕಿದ್ರೆ ಗಾಡಿ ತಾನಾಗೇ ಕೂರುತ್ತೆ. ಅರ್ಧ ದಿನದ ಕೆಲ್ಸ.”

“ನನ್ನ ಗಾಡೀನ ಮಂಡಿ ಊರಿಸ್ತೀಯೇನೋ?” ಎಂದ ಭಾವ. ಕೇಳಿದ್ದು ಮೆಕ್ಯಾನಿಕ್‌ನನ್ನು, ಹೊಡೆದದ್ದು ಭಾಮೈದನನ್ನು. ಅಂಗೈ ಬಿಚ್ಚಿ ಕಿವಿಯ ಮೇಲೆ ಕೊಟ್ಟ ಏಟಿಗೆ ಭಾಮೈದ ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ ಟೈರುಗಳ ರಾಶಿಗೆ ಒರಗಿದ. ಬ್ಯಾಂಡೇಜಿನ ಬಲಗೈಯನ್ನು ಬೆನ್ನ ಹಿಂದಕ್ಕೆ ಒಯ್ದು ಜೋಪಾನವಾಗಿ ಬೆಲ್ಟಿಗೆ ಸಿಕ್ಕಿಸಿಕೊಂಡು, ಉಳಿದ ಭಾಗದಿಂದ ಓಡಿಬಂದು ಭಾವನ ಬಾಯಿಗೆ ಹಣೆಯಲ್ಲಿ ಗುದ್ದಿದ. ಕೆಳಸಾಲಿನ ಒಂದು ಹಲ್ಲು ನೆಲದ ಮೇಲೆ ಬಿದ್ದು ನಟ್ಟುಗಳ ನಡುವೆ ನಟ್ಟಿನಂತೆಯೇ ಉರುಳಿತು.

ಭಾವ ಜಾಕಿನ ರಾಡನ್ನು ಎತ್ತಿಕೊಂಡ. ಮೊದಲ ಏಟು ತೊಡೆಗೆ, ಎರಡನೆಯದು ಅದೇ ತೊಡೆಗೆ, ಮೂರನೆಯದು ಗುರಿ ತಪ್ಪಿ ಗಾಡಿಯ ಹಿಂದಿನ ದೀಪಕ್ಕೆ. ದೀಪ ಒಡೆದ ಸದ್ದಿಗೆ ಮಾತ್ರ ಅವನು ಬೆಚ್ಚಿ ನಿಂತ, ಗಾಜಿನವನಲ್ಲವೇ. ಅಷ್ಟರಲ್ಲಿ ಭಾಮೈದ ಎಡಗೈಯಿಂದ ಅವನ ಕಾಲರನ್ನು ತಿರುಚಿ ಹಿಡಿದು ಮುಖವನ್ನು ಬಾನೆಟ್ಟಿಗೆ ಒತ್ತಿದ್ದ.

“ಸಮಾಧಾನ, ಸಮಾಧಾನ,” ಎನ್ನುತ್ತ ಮೆಕ್ಯಾನಿಕ್ ಮೊದಲು ಹೊಸ ಎಣ್ಣೆಯ ತಟ್ಟೆಯನ್ನು ರಕ್ತ ಬೀಳದ ಕಡೆಗೆ ಸರಿಸಿದ. ಆಮೇಲೆ ಬಿಡಿಭಾಗ ತೊಳೆದ ಸೀಮೆಎಣ್ಣೆಯನ್ನು ಬಕೆಟ್ಟು ಸಮೇತ ಎತ್ತಿ ಇಬ್ಬರ ತಲೆಯ ಮೇಲೆ ಹೊಯ್ದು, ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಬೀಡಿ ಇಲ್ಲದೆಯೇ ಒಂದು ಕಡ್ಡಿಯನ್ನು ಬೆರಳುಗಳ ನಡುವೆ ಹಿಡಿದುಕೊಂಡ. ಇಬ್ಬರೂ ಬೇರೆಯಾದರು.

“ಮನೇಲಿ ತೀರ್ಮಾನ ಮಾಡ್ಕೊಂಡು ಬನ್ನಿ,” ಎಂದ. “ಇಲ್ಲಿ ನೆಲ ತೊಳೆಯೋನು ನಾನೇ.”

ಮನೆಯಲ್ಲಿ ಅಕ್ಕ ಇಬ್ಬರನ್ನೂ ಮೂಸಿ ನೋಡಿದಳು. ಸೀಮೆಎಣ್ಣೆ. ಗಂಡನ ಬಾಯಿ ತೆರೆಸಿ ನೋಡಿದಳು, ತಮ್ಮನ ತೊಡೆಯನ್ನು ನೋಡಿದಳು. ಯಾರು ಮೊದಲು ಕೈ ಎತ್ತಿದರು ಎಂದು ಅವಳು ಎಂದೂ ಕೇಳುತ್ತಿರಲಿಲ್ಲ. ಆ ಪ್ರಶ್ನೆಗೆ ಆ ಮನೆಯಲ್ಲಿ ಉತ್ತರ ಸಿಗುವಷ್ಟು ಹಿಂದಕ್ಕೆ ಯಾರಿಂದಲೂ ಹೋಗಲಾಗುತ್ತಿರಲಿಲ್ಲ. ಗಾಜಿಗೆ ಗೆರೆ ಎಳೆಯುವ ನಾಲ್ಕಡಿಯ ಮರದ ಅಳತೆಪಟ್ಟಿಯನ್ನು ಗೋಡೆಯಿಂದ ತೆಗೆದು, ಗಂಡನ ಭುಜಕ್ಕೆ ಎರಡು, ತಮ್ಮನ ಬೆನ್ನಿಗೆ ಎರಡು ಕೊಟ್ಟಳು. ನಾಲ್ಕನೆಯದಕ್ಕೆ ಪಟ್ಟಿ ಮೂವತ್ತೊಂದನೇ ಇಂಚಿನಲ್ಲಿ ಮುರಿಯಿತು.

“ಈಗ ಹೇಳಿ.”

ಭಾಮೈದ ಹೇಳಿದ. ಭಾವ ಹೇಳಿದ. ಅವಳು ಮುರಿದ ತುಂಡನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದಳು.

“ರೀ, ಗಾಡಿ ಎತ್ತರ ಇದ್ರೆ ನಿಮಗೇನು ಸಿಗುತ್ತೆ?”

“ಎತ್ತರ ಸಿಗುತ್ತೆ ಕಣೇ.”

“ಅವನ ಕೈ ಹೋದ್ರೆ ಏನಾಗುತ್ತೆ ಗೊತ್ತಾ? ಇನ್ನು ನಲವತ್ತು ವರ್ಷ ಅವನು ಈ ಮನೇಲಿ ಕೂತು ಉಣ್ತಾನೆ. ನಿಮ್ಮ ಎದುರಿಗೇ. ದಿನಾ ಎರಡ್ಹೊತ್ತು. ಎಡಗೈಲಿ.”

ಭಾವ ಆ ದೃಶ್ಯವನ್ನು ಕಣ್ಣ ಮುಂದೆ ತಂದುಕೊಂಡಿರಬೇಕು. ಬಹಳ ಹೊತ್ತು ತುಟಿಯ ರಕ್ತವನ್ನು ನಾಲಗೆಯಿಂದ ಸವರುತ್ತ ಕೂತಿದ್ದವನು, “ಇಳಿಸ್ಲಿ,” ಎಂದ. “ಆದ್ರೆ ಗಾಡಿ ನಂದು. ಸಾಮಾನು ನಾನೇ ಆರಿಸ್ತೀನಿ. ಇವನು ಆ ಕಡೆ ತಲೆ ಹಾಕಿ ಮಲಗ್ಲೂ ಕೂಡ್ದು.”

“ಆರಿಸ್ಕೊಳ್ಳಿ ಭಾವ,” ಎಂದ ಭಾಮೈದ. ಅವನಿಗೆ ಬೇಕಿದ್ದುದು ಮೂರು ಇಂಚು. ಸಾಮಾನಿನ ಡಬ್ಬಿಯ ಮೇಲೆ ಯಾರ ಬೆರಳಚ್ಚು ಇದ್ದರೂ ಅವನಿಗೆ ಒಂದೇ. ಆ ಮನೆಯ ಚರಿತ್ರೆಯಲ್ಲಿ ಪೆಟ್ಟಿಲ್ಲದೆ ಒಪ್ಪಿಗೆಯಾದ ಮೊದಲ ಮಾತು ಅದು, ಮತ್ತು ಅದೇ ತಪ್ಪಾಯಿತು.

ಬಿಡಿಭಾಗದ ಅಂಗಡಿಯವನು ಕಬ್ಬಿಣದ ಜಾಲರಿಯ ಹಿಂದೆ ಕೂತಿದ್ದ. ಮುಂದಿನ ಗಿಡ್ಡ ಸ್ಪ್ರಿಂಗು, ಅದಕ್ಕೆ ಹೊಂದುವ ಮುಂದಿನ ಶಾಕ್, ಬ್ಲಾಕ್‌ಗಳು, ಉದ್ದನೆಯ ಬೋಲ್ಟುಗಳು, ಎಲ್ಲ ಕೌಂಟರಿಗೆ ಬಂದವು. ಹಿಂದಿನ ಶಾಕ್‌ಗೆ ಬಂದಾಗ ಅವನು ಎರಡು ಬಗೆಯವನ್ನು ಪಕ್ಕಪಕ್ಕ ನಿಲ್ಲಿಸಿದ.

“ಇದು ಇಳಿಸಿದ ಗಾಡಿಗೆ. ಅದು ಕಂಪನಿ ಎತ್ತರದ ಗಾಡಿಗೆ.”

ಭಾವ ಎರಡನ್ನೂ ಎತ್ತಿ ತೂಗಿದ. ಒಂದು ಮೊಳಕೈಯಷ್ಟಿತ್ತು. ಇನ್ನೊಂದು ಅದಕ್ಕಿಂತ ಮೂರು ಇಂಚು ಉದ್ದ, ಒಂದು ಸುತ್ತು ದಪ್ಪ, ನೋಡಲು ಗಂಡಸಿನ ಹಾಗಿತ್ತು. “ಎರಡಕ್ಕೂ ಒಂದೇ ರೇಟಾ?”

“ಒಂದೇ.”

“ಹಾಗಿದ್ರೆ ಗಿಡ್ಡದ್ದನ್ನ ಯಾವ ಪೆದ್ದ ತಗೋತಾನೆ?”

“ಗಾಡಿ ಇಳಿಸಿದ ಪೆದ್ದ ತಗೋತಾನೆ,” ಎಂದ ಅಂಗಡಿಯವನು.

ಭಾವ ಜಾಲರಿಯೊಳಗೆ ಕೈ ತೂರಿಸಿ ಅವನ ಮೂಗು ಹಿಡಿಯಲು ನೋಡಿದ. ಮೊಣಕೈಯವರೆಗೆ ಹೋಗಿ ಸಿಕ್ಕಿಕೊಂಡಿತು. ಕೈ ಬಿಡಿಸಿಕೊಂಡ ಮೇಲೆ ಉದ್ದದ್ದನ್ನೇ ಕಟ್ಟಿಸಿಕೊಂಡ. ಸೋತವನಿಗೆ ಏನಾದರೂ ಒಂದು ಉದ್ದವಾದದ್ದು ಬೇಕಾಗುತ್ತದೆ. ಗಾಡಿಯ ಮೂರು ಇಂಚು ಹೋಯಿತು. ಶಾಕ್‌ನಲ್ಲಿಯಾದರೂ ಆ ಮೂರು ಇಂಚು ಮರಳಿ ಸಿಕ್ಕಿತು.

ಸಮಾಧಾನ ಮುಂದಿನ ಸ್ಪ್ರಿಂಗು ಬದಲಿಸಿದ, ಹಿಂದೆ ಬ್ಲಾಕ್ ತುರುಕಿ ಬೋಲ್ಟು ಬಿಗಿದ. ಹಿಂದಿನ ಶಾಕ್‌ನ ಡಬ್ಬಿ ತೆರೆದು ನೋಡಿದವನೇ ಮುಚ್ಚಿ ಭಾವನ ಕೈಗೆ ವಾಪಸು ಕೊಟ್ಟ.

“ಇದನ್ನ ನಾನು ಹಾಕಲ್ಲ.”

“ದುಡ್ಡು ಕೊಟ್ಟು ತಂದಿರೋದು. ಹಾಕು.”

“ಹಾಕಲ್ಲ ಸ್ವಾಮಿ. ಪೂರ್ತಿ ಒತ್ತಿದ್ರೇ ಹಿಡ್ಸುತ್ತೆ. ಲೋಡ್ ಹಾಕಿದ ದಿನ ಕಿತ್ಕೊಂಡು ಬರುತ್ತೆ. ಯಾರದಾದ್ರೂ ಜೀವ ಹೋದ್ರೆ ಹಾಕಿದವನ ಹೆಸರು ಕೇಳ್ತಾರೆ.”

ಭಾವ ಅವನ ಅಂಗಿ ಹಿಡಿದು ಗೋಡೆಗೆ ಒತ್ತಿ, ಹೊಟ್ಟೆಗೊಂದು ಗುದ್ದು ಕೊಟ್ಟ. “ಸಮಾಧಾನ,” ಎಂದ ಮೆಕ್ಯಾನಿಕ್ ಉಸಿರು ಕಟ್ಟಿದ ದನಿಯಲ್ಲಿ, ಮತ್ತು ಕೈಯಲ್ಲಿದ್ದ ಸುತ್ತಿಗೆಯನ್ನು ಬಿಟ್ಟ. ಅದು ನೇರವಾಗಿ ಭಾವನ ಬಲಗಾಲಿನ ಹೆಬ್ಬೆರಳ ಮೇಲೆ ಬಿತ್ತು. ಕೈಬಿಟ್ಟು ಬಿದ್ದದ್ದೋ ಬೀಳಿಸಿದ್ದೋ ಎಂಬ ಬಗ್ಗೆ ಇಬ್ಬರೂ ಆಮೇಲೆ ಬೇರೆ ಬೇರೆ ಮಾತು ಹೇಳಿದರು. ಬೆರಳು ಮಾತ್ರ ಎರಡು ಕಡೆ ಮುರಿದಿತ್ತು.

ಕುಂಟುತ್ತ ಗಾಡಿ ಮನೆಗೆ ತಂದ ಭಾವ, ಮರುದಿನ ಬೆಳಿಗ್ಗೆ ಹೆಂಡತಿಯೂ ಭಾಮೈದನೂ ಗಾಜು ಆರಿಸಿ ಬರಲು ಗೋದಾಮಿಗೆ ಹೋಗಿದ್ದಾಗ, ತಾನೇ ಗಾಡಿಯ ಕೆಳಗೆ ಅಂಗಾತ ಮಲಗಿದ. ಶಾಕ್ ಹಿಡಿಸಲಿಲ್ಲ. ಎದೆಗೆ ಅವುಚಿಕೊಂಡು ಒತ್ತಿದ, ಜಾಕ್ ಕೊಟ್ಟು ಒತ್ತಿದ, ತಂತಿ ಬಿಗಿದು ಒತ್ತಿದ. ಕೊನೆಗೆ ಬೈಗುಳದ ಬಲದಲ್ಲಿ ಕೋಲು ಹೆಚ್ಚುಕಡಿಮೆ ಪೂರ್ತಿ ಒಳಗೆ ಹೋಗಿ, ಬೋಲ್ಟು ತೂತಿಗೆ ಬಿತ್ತು. ಮಧ್ಯಾಹ್ನ ಇಬ್ಬರೂ ಬಂದಾಗ ಅವನು ಮೈತುಂಬ ಗ್ರೀಸಾಗಿ, ಹೊಸ ಮದುವಣಿಗನಂತೆ ಗಾಡಿಯ ಪಕ್ಕ ನಿಂತಿದ್ದ.

“ಸಮಾಧಾನ ಎಲ್ಲಾ ಮುಗ್ಸಿ ಕೊಟ್ಟ. ಹತ್ತಿ ಕುಣಿ ನೋಡು,” ಎಂದ.

ಭಾಮೈದ ಹಿಂಬದಿ ಹತ್ತಿ ಕುಪ್ಪಳಿಸಿದ. ಗಾಡಿ ಕದಲಲಿಲ್ಲ. ಇನ್ನೊಮ್ಮೆ ಕುಪ್ಪಳಿಸಿದ. ಬಂಡೆ.

“ಏಳು ಸಲ ಕುಣೀತಿದ್ದುದು ನೋಡು ಈಗ!” ಎಂದ ಭಾವ. “ಒಂದ್ಸಲಾನೂ ಇಲ್ಲ. ಸಾಮಾನು ಆರಿಸೋದು ಅಂದ್ರೆ ಹೀಗೆ.”

ಭಾಮೈದನಿಗೆ ನಿಜವಾಗಿಯೂ ಸಂತೋಷವಾಯಿತು. ಟೇಪು ತಂದು ಚೌಕಟ್ಟಿನ ತಲೆಯಿಂದ ನೆಲದವರೆಗೆ ಅಳೆದ. ಮೂರು ಇಂಚು ಇಳಿದಿತ್ತು. ಕಂಬಿಯ ಕೆಳಗೆ ಒಂದು ಬೆರಳಿಗೂ ಹೆಚ್ಚು ಜಾಗ ಉಳಿಯುತ್ತಿತ್ತು. ಬ್ಯಾಂಡೇಜು ಬಿಚ್ಚಿದ ಬಲಗೈಯನ್ನು ಮಡಚಿ ಬಿಡಿಸಿ ನೋಡಿಕೊಂಡ. “ಥ್ಯಾಂಕ್ಸ್ ಭಾವ,” ಎಂದ. ಅಕ್ಕ ಮಹಡಿಯ ಕಿಟಕಿಯಿಂದ ಇದನ್ನು ಕೇಳಿಸಿಕೊಂಡು, ಇಬ್ಬರಿಗೂ ಜ್ವರ ಬಂದಿದೆಯೇನೋ ಎಂದುಕೊಂಡಳು.

ಗಾಜು ಸಾಗಿಸುವವರಲ್ಲಿ ಒಂದು ಪದ್ಧತಿಯಿದೆ. ಗಾಜನ್ನು ಹಗ್ಗದಿಂದ ಬಿಗಿದು ಕಟ್ಟಿದರೆ ಬಿಗಿದ ಜಾಗದಲ್ಲೇ ಬಿರುಕು ಬಿಡುತ್ತದೆ. ಆದ್ದರಿಂದ ಹಗ್ಗ ಸಡಿಲ, ಮತ್ತು ಒಬ್ಬ ಮನುಷ್ಯ ಚೌಕಟ್ಟಿನ ಪಕ್ಕ ಮಂಡಿಯೂರಿ ಕೂತು ಎರಡೂ ಅಂಗೈಗಳನ್ನು ಗಾಜಿಗೆ ಆನಿಸಿರುತ್ತಾನೆ. ಗಾಜು ಒಡೆಯುವ ಮೊದಲು ಅಂಗೈಗೆ ತಿಳಿಸುತ್ತದೆ ಎಂಬುದು ಭಾವನ ನಂಬಿಕೆ. ಹದಿನೆಂಟು ಗಾಜುಗಳನ್ನು ಏರಿಸಿ, ಭಾಮೈದ ಹಿಂದೆ ಕೂತ. ಭಾವ ನೋಯುವ ಬೆರಳನ್ನು ಪೆಡಲ್ಲಿನ ಮೇಲಿಟ್ಟು ಹೊರಟ. ರಸ್ತೆಯಲ್ಲಿ ಪ್ರತಿ ಗುಂಡಿಗೂ ಗಾಡಿ ಠಣ್ ಠಣ್ ಎನ್ನುತ್ತಿತ್ತು, ಬೇರೇನೂ ಆಗಲಿಲ್ಲ.

ಇಳಿಜಾರಿನ ಬಾಯಲ್ಲಿ ವಾಚ್‌ಮನ್ ಮುಂದೆ ಬಂದ. “ಅಯ್ಯೋ, ಮತ್ತೆ ಬಂದ್ರಾ? ಟೈರ್ ಬಿಚ್ಕೊಂಡು ಹೋದವ್ರು ನೀವೇ ತಾನೇ?”

“ಈಗ ನುಗ್ಗುತ್ತೆ ನೋಡೋ,” ಎಂದ ಭಾವ ಕಿಟಕಿಯಿಂದ.

ಗಾಡಿ ಇಳಿಯಿತು. ಇಳಿಜಾರು ಮುಗಿಯುವಲ್ಲಿ, ಕಂಬಿಗೆ ಎರಡು ಮಾರು ಮುಂಚೆ, ಮಳೆನೀರಿನ ಚರಂಡಿಗೆ ಹೊದಿಸಿದ ಕಬ್ಬಿಣದ ಜಾಲರಿಯಿತ್ತು. ಅದು ಒಂದು ಬೆರಳಿನಷ್ಟು ಕುಸಿದಿತ್ತು. ಮುಂದಿನ ಚಕ್ರ ದಾಟಿತು. ಹಿಂದಿನ ಚಕ್ರ ಅದರಲ್ಲಿ ಬಿದ್ದಾಗ ಹದಿನೆಂಟು ಗಾಜಿನ ಭಾರವೆಲ್ಲ ಕೆಳಕ್ಕೆ ನೂಕಿತು. ಒಳಕ್ಕೆ ಹೋಗಲು ಇನ್ನು ಜಾಗವಿಲ್ಲದ ಶಾಕ್ ಗೂಟದಂತೆ ನಿಂತು, ತನ್ನ ಮೇಲಿನ ಬೋಲ್ಟನ್ನು ಗಾಡಿಯ ಅಡಿಕಟ್ಟಾದ ಚಾಸಿಯ ತುಂಡಿನ ಸಮೇತ ಕಿತ್ತುಕೊಂಡು ಹೊರಬಂತು. ತಡೆಯುವವರಿಲ್ಲದ ಪಟ್ಟಿಗಳ ಕಟ್ಟು ಗಾಡಿಯ ಹಿಂಬದಿಯನ್ನು ಒಂದೇ ಸಲ ಮೇಲಕ್ಕೆ ಒದೆಯಿತು. ಚೌಕಟ್ಟಿನ ತಲೆ ಕಂಬಿಗೆ ಬಡಿಯಿತು.

ಮೊದಲ ಗಾಜು ಒಡೆಯುವ ಮುನ್ನ ಭಾಮೈದನ ಅಂಗೈಗೆ ನಿಜವಾಗಿಯೂ ತಿಳಿಸಿತು. ತಿಳಿದು ಮಾಡುವುದಕ್ಕೇನೂ ಇರಲಿಲ್ಲ. ಆರು ಗಾಜು ಒಂದರ ಬೆನ್ನಿಗೊಂದು ಅವನ ಮೇಲೆ ಬಂದವು. ಮುಖಕ್ಕೆ ಅಡ್ಡ ಹಿಡಿದದ್ದು ಬಲಗೈ. ಯಾವ ಕೈಯನ್ನು ಹಿಡಿಯಬೇಕೆಂದು ಆಲೋಚಿಸುವಷ್ಟು ಸಮಯ ಗಾಜು ಯಾರಿಗೂ ಕೊಡುವುದಿಲ್ಲ. ಹಳೆಯ ಗಾಯವನ್ನು ದಾರಿ ಮಾಡಿಕೊಂಡು ಒಂದು ಚೂರು ಅಂಗೈಯ ಈ ಕಡೆಯಿಂದ ಆ ಕಡೆಗೆ ಹೋಯಿತು. ಸದ್ದು ನಿಂತ ಮೇಲೆ ಅವನು ಗಾಡಿಯಿಂದ ಇಳಿದು, ಚೂರುಗಳ ಮೇಲೆ ಕರಕರ ನಡೆದು ಬಂದು, ಕೈಯನ್ನು ಬೆಳಕಿಗೆ ಹಿಡಿದು ನೋಡಿದ. ಬೆರಳುಗಳನ್ನು ಮಡಚಲು ಹೇಳಿದ. ಮೂರು ಕೇಳಲಿಲ್ಲ.

ಭಾವ ಕುಂಟುತ್ತ ಓಡಿಬಂದ. ಮುಖ ಸುಣ್ಣದಂತಾಗಿತ್ತು. ಗಾಡಿಯ ಕೆಳಗೆ ಬಗ್ಗಿ ನೋಡಿದ, ಭಾಮೈದನ ಕೈಯನ್ನು ನೋಡಿದ, ಮತ್ತೆ ಗಾಡಿಯ ಕೆಳಗೆ ನೋಡಿದ. ಒಂದು ಕ್ಷಣ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

“ದೊಡ್ಡದನ್ನೇ ಹಾಕಿದ್ದೆ ಕಣೋ,” ಎಂದುಬಿಟ್ಟ. “ಗಟ್ಟಿ ಇರ್ಲಿ ಅಂತ. ಅವನು ಹಾಕಲ್ಲ ಅಂದ, ನಾನೇ ಹಾಕ್ದೆ. ಒಂದೇ ರೇಟಲ್ವಾ...”

ಭಾಮೈದನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನು, ಹನ್ನೆರಡು ವರ್ಷ ಅದೇ ಮನೆಯಲ್ಲಿ ಉಂಡು, ಅದೇ ಮನುಷ್ಯನಿಂದ ಪೆಟ್ಟು ತಿಂದು, ಅದೇ ಮನುಷ್ಯನಿಗೆ ಪೆಟ್ಟು ಕೊಟ್ಟೂ ಒಂದು ದಿನವೂ ಆಡದಿದ್ದ ಮಾತು ಆಡಿದ.

“ನಿಂಗೆ ಹೇಳಿದ್ನಾ ಅವನು?” ಎಂದ. “ಹಾಕ್ಬೇಡ ಅಂತ ನಿಂಗೆ ಹೇಳಿದ್ನಾ?”

ಭಾವ ಹಿಂದಕ್ಕೆ ಸರಿದ. ಹಲ್ಲು ಉದುರಿದಾಗಲೂ ಹೆದರದವನು ಏಕವಚನಕ್ಕೆ ಹೆದರಿದ. ನೆಲದ ಮೇಲೆ ಶಾಕ್ ಬಿದ್ದಿತ್ತು, ಹೊಸದು, ಉದ್ದದ್ದು, ತುದಿಗೆ ಹರಿದ ಚಾಸಿಯ ತಗಡು ಹೂವಿನಂತೆ ಅರಳಿಕೊಂಡಿತ್ತು. ಭಾಮೈದ ಅದನ್ನು ಎಡಗೈಯಲ್ಲಿ ಎತ್ತಿಕೊಂಡ.

ಮೊದಲ ಏಟಿಗೆ ಭಾವನ ದವಡೆ ಒಣ ಕಟ್ಟಿಗೆಯಂತೆ ಸದ್ದು ಮಾಡಿತು. ಎರಡನೆಯದಕ್ಕೆ ಹೆಗಲ ಮೂಳೆ ಹೋಯಿತು. ಭಾವ ಬಾಗಿಲು ಹಿಡಿದುಕೊಳ್ಳಲು ನೋಡಿ ಜಾರಿ ಚೂರುಗಳ ಮೇಲೆ ಕುಕ್ಕರಿಸಿದ. ಮೂರು, ನಾಲ್ಕು, ಐದು, ಆರು ಪಕ್ಕೆಗೆ ಬಿದ್ದವು. ಭಾಮೈದ ಕೂಗಾಡಲಿಲ್ಲ. ಗಾಜು ಹೊರುವಾಗ ಹೆಜ್ಜೆ ಎಣಿಸುವ ಹಾಗೆ ಉಸಿರಿನೊಳಗೇ ಎಣಿಸುತ್ತಿದ್ದ. ಬಲಗೈ ಪಕ್ಕದಲ್ಲಿ ಜೋತು, ಬೆರಳ ತುದಿಯಿಂದ ರಕ್ತ ಹನಿಯುವುದಲ್ಲ, ಸುರಿಯುತ್ತಿತ್ತು. ಭಾವ ಒಂದು ಕೈಯನ್ನು ಮುಂದೆ ಚಾಚಿ ಏನೋ ಹೇಳಲು ಹೋದ; ಹೇಳುವ ಬಾಯಿ ಮುಖದ ಒಂದು ಬದಿಗೆ ಹೊರಟುಹೋಗಿತ್ತು.

“ಏ, ಏ, ಇಲ್ಲಿ ಬೇಡ!” ಎಂದು ವಾಚ್‌ಮನ್ ಇಳಿಜಾರಿನ ಮೇಲಿನಿಂದ ಕೂಗಿದ. “ಗೇಟಿನ ಹಳದಿ ಗೆರೆಯಿಂದ ಆಚೆ ಹೊಡ್ಕೊಳ್ಳಿ! ಈಚೆ ಆದ್ರೆ ನನ್ನ ಕೇಳ್ತಾರೆ!”

ಏಳನೆಯ ಏಟಿಗೆ ಎತ್ತಿದ ಕೈ ಮೇಲೇ ಉಳಿಯಿತು. ರಕ್ತ ಹೋಗಿ ಕಣ್ಣು ಕತ್ತಲೆ ಬಂದು, ಭಾಮೈದ ಭಾವನ ಪಕ್ಕದಲ್ಲೇ ಮಂಡಿಯೂರಿ, ಅವನ ಭುಜಕ್ಕೇ ಒರಗಿದ. ದೂರದಿಂದ ನೋಡಿದವರಿಗೆ ಇಬ್ಬರು ಬಂಧುಗಳು ಕೂತು ಸಮಾಧಾನ ಹೇಳಿಕೊಳ್ಳುತ್ತಿರುವಂತೆ ಕಾಣುತ್ತಿತ್ತು. ವಾಚ್‌ಮನ್ ಆಂಬುಲೆನ್ಸಿಗೆ ಫೋನು ಮಾಡಿದ. ಅದು ಎತ್ತರದ ಆಂಬುಲೆನ್ಸು. ಕಂಬಿ ದಾಟಲಾಗದೆ ರಸ್ತೆಯಲ್ಲೇ ನಿಂತಿತು. ಇಬ್ಬರನ್ನೂ ನೂರಚಿಲ್ಲರೆ ಹೆಜ್ಜೆ ಹೊತ್ತುಕೊಂಡು ಹೋದರು.

ಆಸ್ಪತ್ರೆಯಲ್ಲಿ ಇಬ್ಬರನ್ನೂ ಒಂದೇ ವಾರ್ಡಿನಲ್ಲಿ, ಅಕ್ಕಪಕ್ಕದ ಮಂಚಗಳಲ್ಲಿ ಮಲಗಿಸಿದರು. ಸಂಬಂಧಿಕರು ಎಂದು ಬರೆಸಿದ್ದರಿಂದ ನರ್ಸು ದಯೆ ತೋರಿಸಿದ್ದಳು. ಅಕ್ಕ ಬಂದು ಮೊದಲು ತಮ್ಮನ ಮಂಚದ ಬಳಿ ನಿಂತಳು. ಡಾಕ್ಟರು ಏನು ಹೇಳಿದರೆಂದು ಕೇಳಿದಳು. ಅವನು ಹೇಳಿದ: ನಾಲ್ಕು ಗಂಟೆ ಹೊಲಿದಿದ್ದಾರೆ, ನರ ಕೂಡಿಸಲು ಆಗಲಿಲ್ಲ. ಶಾಕ್‌ನ ಕತೆಯನ್ನೂ ಹೇಳಿದ.

ಅವಳು ಗಂಡನ ಮಂಚದ ಕಡೆಗೆ ತಿರುಗಿದಳು. ಭಾವನ ಮೇಲಿನ ಹಲ್ಲನ್ನೂ ಕೆಳಗಿನ ಹಲ್ಲನ್ನೂ ತಂತಿಯಿಂದ ಬಿಗಿದು ಕಟ್ಟಿದ್ದರು, ಮಾತಾಡುವಂತಿರಲಿಲ್ಲ. ಕಣ್ಣಲ್ಲೇ ಏನೇನೋ ಹೇಳಿದ. ಅವಳು ಪ್ಲಾಸ್ಟರಿಲ್ಲದ ಕೆನ್ನೆ ಯಾವುದೆಂದು ಸಾವಕಾಶವಾಗಿ ಹುಡುಕಿ, ಕೈ ಎತ್ತಿ ಒಂದು ಬಾರಿಸಿದಳು. ವಾರ್ಡಿನ ಆಚೆ ತುದಿಯಲ್ಲಿದ್ದ ಮುದುಕನೊಬ್ಬ ಎದ್ದು ಕೂತ.

“ಅಮ್ಮಾ, ಪೇಷಂಟು!” ಎಂದು ನರ್ಸು ಓಡಿಬಂದಳು.

“ಗೊತ್ತು,” ಎಂದಳು ಅಕ್ಕ. “ಅದಕ್ಕೇ ಒಂದೇ.”

ಮಂಚದ ಅಂಚಿಗೆ ಕೂತು, ತನ್ನ ಕೈಯನ್ನು ತಾನೇ ಉಜ್ಜಿಕೊಂಡಳು. ಆಮೇಲೆ ಭಾಮೈದ ಚಾವಣಿ ನೋಡುತ್ತ, “ಅಕ್ಕ, ಅವನಿಗೆ ಎಷ್ಟು ದಿನ ನೀರಿನ ಊಟ?” ಎಂದು ಕೇಳಿದ.

“ಆರು ವಾರ. ಮತ್ತೆ, ಅವನು ಅಂತೀಯ?”

“ಇನ್ಮೇಲೆ ಹಾಗೇ.”

ಅಕ್ಕ ಮಾರನೆಯ ದಿನ ಸಮಾಧಾನನನ್ನು ಜೊತೆಗೆ ಕರೆದುಕೊಂಡು ಬಿಡಿಭಾಗದ ಅಂಗಡಿಗೆ ಹೋಗಿ, ಜಾಲರಿಯ ಹಿಂದಿನವನು ತೆಗೆದಿಟ್ಟ ಶಾಕ್‌ಗಳನ್ನು ಟೇಪು ಹಿಡಿದು ತಾನೇ ಅಳೆದಳು. ಗಿಡ್ಡದ್ದನ್ನು ಆರಿಸಿದಳು. ಚಾಸಿಗೆ ತುಂಡು ಬೆಸುಗೆ ಹಾಕಿಸಲು ಒಂದು ದಿನ, ಶಾಕ್ ಕೂರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಸಮಾಧಾನ ಹಿಂಬದಿಯನ್ನೇರಿ ಕುಪ್ಪಳಿಸಿದ. ಗಾಡಿ ಒಂದೂವರೆ ಸಲ ಕುಣಿದು ನಿಂತಿತು.

ಗಾಡಿ ಈಗ ಕಂಬಿಯ ಕೆಳಗೆ ತಾಗದೆ ಹೋಗುತ್ತದೆ. ಭಾಮೈದ ಗಾಜಿನ ಕೆಲಸ ಮಾಡುವುದಿಲ್ಲ.